ಮೇಡಮ್ಮನ ಕಂಪ್ಯೂಟರಿಗೆ ಹೊಲಿದ ಗವಸು

ಬಿಸಿಯಾದ ಧೂಳಿಗೆ ಒಂದು ವಾಸನೆ ಇರುತ್ತದೆ. ಏನಾದರೂ ಸುಡುವುದಕ್ಕೆ ಸ್ವಲ್ಪ ಮುಂಚೆ ಬರುವ ವಾಸನೆ ಅದು. ಹೋದ ವಾರ ಮೊಮ್ಮಗಳು ಮಂಚದ ಮೇಲೆ ಕೌದಿ ಹಾಸಿ, ಅದರ ಮೇಲೆ ತನ್ನ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ವಾಸನೆ ಅಲ್ಲಿಗೇ ಬಂತು.

“ಏಯ್, ಅದನ್ನ ಕೌದಿ ಮ್ಯಾಲಿಂದ ಎತ್ತು. ಉಸಿರಾಡಾಕೆ ಜಾಗ ಬಿಡು ಅದಕ್ಕೆ,” ಅಂದೆ.

“ನಿಂಗೇನ್ ಗೊತ್ತಜ್ಜಿ ಲ್ಯಾಪ್‌ಟಾಪ್ ಬಗ್ಗೆ?”

“ನಿಮ್ಮಪ್ಪನ ಲಗ್ನಕ್ಕಿಂತ ಮುಂಚೆ ನಾನು ಕಂಪ್ಯೂಟರ್ ತಂದೀನಿ. ಎತ್ತು ಅಂದ್ರೆ ಎತ್ತು.”

ಅವಳು ನಕ್ಕಳು. ನಾನು ಸುಳ್ಳು ಹೇಳಿರಲಿಲ್ಲ. ಪೂರ್ತಿ ನಿಜವನ್ನೂ ಹೇಳಿರಲಿಲ್ಲ. ಕೊಂಡವಳು ಬೇರೆ, ಪಕ್ಕದಲ್ಲಿ ನಿಂತು ಬಾಯಿ ಹಾಕಿದವಳು ನಾನು...

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಆಗ ದಾವಣಗೆರೆಯಲ್ಲಿ ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿತ್ತು. ಯಜಮಾನರು ಮಿಲ್ಲಿನಲ್ಲಿ ದುಡಿಯುವಾಗ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೆ. ಮಗ ಲಾರಿ ಮೇಲೆ ಊರೂರು ತಿರುಗುತ್ತಿದ್ದ. ನಾನು ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದೆ.

ಆ ಕೋಣೆಗೆ ಬಂದವಳೇ ಮೇಡಮ್ಮ. ಹರಿಹರದವಳು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಒಬ್ಬಳೇ ಇರುವ ಹೆಣ್ಣುಮಗಳಿಗೆ ಪಿ.ಜೆ. ಬಡಾವಣೆಯಲ್ಲಿ ಯಾರೂ ಮನೆ ಕೊಡಲಿಲ್ಲವಂತೆ. ನಾನು ಕೊಟ್ಟೆ. ಅದಕ್ಕೆ ಮುಂಚೆ ಗಂಡ ಹೆಂಡತಿಗೆ ಕೊಟ್ಟು ನೋಡಿದ್ದೆ, ಅವರ ಜಗಳ ಬಿಡಿಸುವುದೇ ನನಗೆ ಇನ್ನೊಂದು ಕೂಲಿಯಾಗಿತ್ತು. ಮೊದಮೊದಲು ಇವಳಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದೆ. ಎರಡು ತಿಂಗಳಲ್ಲಿ ಅದು ತಾನಾಗಿ ಉದುರಿಹೋಯಿತು. ಬರೆಯುವಾಗಲೂ ಅವಳು ಅಂತಲೇ ಬರೆಯುತ್ತೇನೆ.

ನನಗೆ ಆಗ ಕೆಮ್ಮು. ಭಟ್ಟಿಯಲ್ಲಿ ಕೂರುವ ಎಲ್ಲರಿಗೂ ಇತ್ತು, ಹಾಗಾಗಿ ಅದೊಂದು ರೋಗ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಒಲೆಗೆ ಭತ್ತದ ಹೊಟ್ಟು ಸುರಿಯುತ್ತಾರೆ. ಬಾಣಲೆಯಲ್ಲಿ ಮರಳು ಕಾಯುತ್ತದೆ. ಉಪ್ಪು ಹಚ್ಚಿದ ಅಕ್ಕಿ ಅದರೊಳಗೆ ಬಿದ್ದ ತಕ್ಷಣ ಅರಳಬೇಕು, ಅರಳಿದ ತಕ್ಷಣ ಜರಡಿಗೆ ಬರಬೇಕು. ಮುಖ ತಿರುಗಿಸುವಂತಿಲ್ಲ. ಹೊಗೆ ನೇರ ಮುಖಕ್ಕೇ ಬರುತ್ತಿತ್ತು.

ಮೇಡಮ್ಮನ ಓದು ಬೆಂಕಿ, ಗಾಳಿ, ಹೊಗೆಯದ್ದೇ. ಹೊಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಒಲೆ ಹಚ್ಚದೆ ಲೆಕ್ಕದಲ್ಲೇ ಕಂಡುಹಿಡಿಯಬಹುದಂತೆ. ಒಂದು ದಿನ ಮಧ್ಯಾಹ್ನ ಕಾಲೇಜಿಗೆ ರಜೆ ಹಾಕಿ ಭಟ್ಟಿಗೆ ಬಂದಳು. ಒಲೆ ಆರಿತ್ತು, ನಾವು ಮನೆಗೆ ಹೊರಟಿದ್ದೆವು. ಟೇಪು ಹಿಡಿದು ಒಲೆ, ಗೋಡೆ, ಹಿಂದಿನ ಹೊಗೆಕಿಂಡಿ ಎಲ್ಲ ಅಳೆದು ಬರೆದುಕೊಂಡಳು. ಭಟ್ಟಿ ಸಾಹುಕಾರ ಬೀಡಿ ಹಚ್ಚಿಕೊಂಡು ನೋಡುತ್ತಾ ನಿಂತಿದ್ದ.

“ಏನ್ರಿ ಮೇಡಂ, ಭಟ್ಟಿಗೆ ಅಂಗಿ ಹೊಲಿತೀರೇನು?” ಅಂದ.

“ಹೊಗೆಗೆ ದಾರಿ ಹುಡುಕ್ತೀನ್ರಿ. ಸಿಕ್ರೆ ಹಂಗೇ ಕಟ್ಟಿಸ್ತೀರಾ?”

ಅವನು ಕೆಟ್ಟವನಲ್ಲ. ಯೋಚನೆ ಮಾಡಿಯೇ ಹೇಳಿದ. “ದೀಪಾವಳಿಗೆ ಮೂರು ದಿನ ಭಟ್ಟಿಗೆ ರಜಾ. ವರ್ಷಕ್ಕೊಮ್ಮೆ ಆವಾಗಷ್ಟೇ ಒಡೆದು ಕಟ್ಟಾದು. ಗೌಂಡಿ ಬರೋದ್ರಾಗೆ ಎಲ್ಲಿ ತೂತು, ಎಷ್ಟು ಕೊಳವೆ ಅಂತ ಹೇಳಿದ್ರೆ ಕಟ್ಟಿಸ್ತೀನಿ. ಆ ದಿನ ದಾಟಿದ್ರೆ ಮುಂದಿನ ವರ್ಷದ ಮಾತು ನೋಡ್ರಿ.”

ಮುಂದಿನ ವರ್ಷ ಅಂದರೆ ನಮಗೆ ಇನ್ನೊಂದು ವರ್ಷದ ಹೊಗೆ. ನನ್ನ ಪಕ್ಕ ಕೂರುತ್ತಿದ್ದವಳು ಆಗಲೇ ಮೆಟ್ಟಿಲು ಹತ್ತಲಾಗದೆ ಕೆಲಸ ಬಿಟ್ಟಿದ್ದಳು. ಮುಂದಿನ ಸರದಿ ಯಾರದು ಅಂತ ಎಲ್ಲರಿಗೂ ಅಂದಾಜಿತ್ತು. ನನ್ನದೇ.

ಲೆಕ್ಕಕ್ಕೆ ಕಂಪ್ಯೂಟರ್ ಬೇಕು. ಕಾಲೇಜಿನಲ್ಲಿ ಇದ್ದವು, ಆದರೆ ಸಂಜೆ ಐದಕ್ಕೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುತ್ತಿದ್ದರು. ಇವಳ ಲೆಕ್ಕ ಒಂದೇ ಸಮ ಎಂಟು ದಿನ ನಡೆಯಬೇಕು. “ಎಂಟು ದಿನ ಯಾವ ಲೆಕ್ಕನೇ ತಾಯಿ?” ಅಂತ ಕೇಳಿದೆ. ಭಟ್ಟಿ ಕೋಣೆಯನ್ನು ಸಾವಿರಾರು ಸಣ್ಣ ಚೌಕಗಳಾಗಿ ಹೋಳು ಮಾಡಿದ್ದೇವೆ ಅಂದುಕೊಳ್ಳಿ ಅಂದಳು. ಪ್ರತಿ ಚೌಕವೂ ಪಕ್ಕದ ಚೌಕವನ್ನು, ನಿನ್ನ ಬಿಸಿ ಎಷ್ಟು, ಗಾಳಿ ಯಾವ ಕಡೆ, ಹೊಗೆ ಎಷ್ಟು ಅಂತ ಕೇಳಬೇಕು. ಎಲ್ಲ ಚೌಕಗಳೂ ಕೇಳಿ ಮುಗಿದ ಮೇಲೆ ಮತ್ತೆ ಮೊದಲಿಂದ. ಹೀಗೆ ಲಕ್ಷ ಸಲ.

“ಹಂಗಂದ್ರೆ ನಲ್ಲಿ ಮುಂದೆ ನಮ್ಮ ಓಣಿ ಹೆಂಗಸರು ಮಾತಾಡಿದಂಗೆ,” ಅಂದೆ.

“ಹೂಂ, ಹಂಗೇ. ಕೊನಿಗೆ ಎಲ್ರ ಮನಿ ಸುದ್ದಿ ಎಲ್ರಿಗೂ ಗೊತ್ತಾಗ್ತೈತಲ್ಲ, ಅಲ್ಲೀತನ.”

ತಾನು ಕೂಡಿಟ್ಟಿದ್ದರಲ್ಲಿ ತಾನೇ ಒಂದು ಯಂತ್ರ ಕಟ್ಟಿಸುತ್ತೇನೆ ಅಂದಳು. ಕಾರಿನಂತೆ ತಯಾರಾಗಿ ಬರುವುದನ್ನು ಕೊಳ್ಳುವುದಲ್ಲ. ಒಂದೊಂದೇ ಭಾಗ ಆರಿಸಿ ಜೋಡಿಸಬೇಕು. ಆಯುಧ ಪೂಜೆಗೆ ನಾಲ್ಕು ದಿನ ಇರುವಾಗ ನನ್ನನ್ನು ಪಿ.ಜೆ. ಬಡಾವಣೆಯ ಅಂಗಡಿಗೆ ಕರೆದುಕೊಂಡು ಹೋದಳು. ಆರಿಸುವುದು ಅವಳ ಕೆಲಸ, ಚೌಕಾಸಿ ನನ್ನದು ಅಂತ ಮಾತಾಗಿತ್ತು.

ಅಂಗಡಿಯವನು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ. ಹಣೆ ತುಂಬ ವಿಭೂತಿ. “ಬರ್ರಿ ಮೇಡಂ, ಕೂಡ್ರಿ. ಅಮ್ಮಾರೇ, ನೀವೂ ಕೂಡ್ರಿ,” ಅಂದವನೇ ದೊಡ್ಡದೊಂದು ಬಣ್ಣದ ಪರದೆ ಹಚ್ಚಿ ತೋರಿಸಿದ. ಅದರಲ್ಲಿ ಮೀನು ಓಡಾಡುತ್ತಿದ್ದವು. “ಸ್ಪೀಕರ್ ಹಾಕಿಕೊಡ್ತೀನ್ರಿ, ಹಾಡು ಕೇಳಬೋದು. ಪಿಚ್ಚರ್ ನೋಡಬೋದು.”

“ಲೆಕ್ಕ ಮಾಡಾಕೆ ಹಾಡು ಯಾತಕ್ಕಪ್ಪ?” ಅಂದೆ.

ಮೇಡಮ್ಮ ಚೀಟಿ ತೆಗೆದು ಓದಿದಳು. ಮೆಮೊರಿ ಒಳಗಿನ ಮದರ್‌ಬೋರ್ಡ್ ಹಲಗೆಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೂ ಬೇಕು. ಪರದೆ ಕಪ್ಪು-ಬಿಳುಪಿನದು ಸಾಕು, ಹಳೆಯದಾದರೂ ಸರಿ. ಮೆಮೊರಿ ಹೆಚ್ಚಿದ್ದಷ್ಟೂ ಚೌಕಗಳು ಹೆಚ್ಚು ಹಿಡಿಯುತ್ತವೆ, ಚೌಕ ಸಣ್ಣದಾದಷ್ಟೂ ಹೊಗೆಯ ದಾರಿ ಸರಿಯಾಗಿ ಕಾಣುತ್ತದೆ. ಇಷ್ಟು ನನಗೂ ತಿಳಿದಿತ್ತು. ಅಂಗಡಿಯವನಿಗೆ ಸಂಕಟ.

“ಇಷ್ಟು ಮೆಮೊರಿ ಹಾಕಿ ಈ ಹಳೇ ಪರದೆನಾ? ಮದುಮಗಳಿಗೆ ಹರಕು ಸೀರಿ ಉಡಿಸಿದಂಗ ಆಗ್ತೈತಲ್ರಿ!”

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಜನ ಅಲ್ಲಪ್ಪ ನಾವು. ಆಕಿ ಹೇಳಿದ್ದು ಕೊಡು.”

ಆಮೇಲೆ ಚಿಪ್ಪಿನ ಮಾತು ಬಂತು. ಕಂಪ್ಯೂಟರಿನ ತಲೆ ಅದು. ಎರಡು ತರಹದ್ದು ಇಟ್ಟ. ಎರಡರ ಮೇಲೂ ವೇಗದ ಅಂಕಿ ಒಂದೇ, ಒಂದು ಅಗ್ಗ. ಅಂಕಿ ಒಂದೇ ಅಂದಮೇಲೆ ಕೆಲಸವೂ ಒಂದೇ ಅಂತ ಅವನ ವಾದ. ನಾನು ಒಪ್ಪಲಿಲ್ಲ. ಭಟ್ಟಿಯಲ್ಲಿ ಅಕ್ಕಿಯ ಚೀಲ ಇಳಿಸುವ ಮುಂಚೆ ಪ್ರತಿ ಚೀಲದಿಂದ ಒಂದೊಂದು ಹಿಡಿ ತೆಗೆದು ಹುರಿದು ನೋಡುತ್ತೇವೆ. ಕಣ್ಣಿಗೆ ಎರಡೂ ಒಂದೇ ಅಕ್ಕಿ. ಮರಳಿಗೆ ಬಿದ್ದಾಗ ಒಂದು ಅರಳುತ್ತದೆ, ಇನ್ನೊಂದು ಮುದುಡಿ ಕೂರುತ್ತದೆ.

“ಎರಡರಾಗೂ ಒಂದೊಂದ್ ಹಿಡಿ ಹುರಿದು ತೋರ್ಸು,” ಅಂದೆ.

“ಅಮ್ಮಾರೇ, ಇದೇನು ಮಂಡಕ್ಕಿ ಅಂದ್ಕಂಡ್ರಾ?” ಅಂತ ನಕ್ಕ.

ಮೇಡಮ್ಮ ನಗಲಿಲ್ಲ. ಕೈಚೀಲದಿಂದ ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. “ಅಮ್ಮ ಹೇಳಿದ್ದೇ ತಂದೀನ್ರಿ. ಒಂದ್ ಹಿಡಿ ಲೆಕ್ಕ ಐತೆ ಇದರಾಗೆ. ಎರಡಕ್ಕೂ ಹಾಕ್ರಿ.”

ಹಾಕಿದ. ಒಂದರಲ್ಲಿ ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೆಕ್ಕ ಮುಗಿಯಿತು. ಅಗ್ಗದ್ದರಲ್ಲಿ ಕಪ್ಪು ತೊಳೆದಿಟ್ಟರೂ ಮುಗಿಯಲಿಲ್ಲ. ಪತ್ರ ಬರೆಯಲು ಅದು ಸಾಕಂತೆ, ಚುಕ್ಕಿಯ ಆಚೆಗಿನ ಸಣ್ಣ ಸಣ್ಣ ಅಂಕಿಗಳ ಲೆಕ್ಕಕ್ಕೆ ಬಂದರೆ ಏದುಸಿರು. ಅಂಗಡಿಯವನು ತಾನೇ ಅದನ್ನು ಎತ್ತಿ ಪೆಟ್ಟಿಗೆಗೆ ಹಾಕಿದ. ಆ ಮೇಲೆ ನನ್ನನ್ನು ಅಮ್ಮಾರೇ ಅನ್ನುವಾಗ ಅವನ ದನಿಯೇ ಬೇರೆಯಾಗಿತ್ತು.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಕೊನೆಗೆ ಅವನು, ತಗಡಿನ ಡಬ್ಬಿಗೆ ಇನ್ನೊಂದು ಫ್ಯಾನ್ ಹಾಕಿಸಿ, ದಿನಗಟ್ಟಲೆ ಓಡಿಸುವುದಾದರೆ ಬಿಸಿಯಾಗುತ್ತದೆ ಅಂದ. “ಬ್ಯಾಡ. ನಮ್ಮ ಮನಿಗೇ ಇರಾದು ಒಂದು ಫ್ಯಾನು. ಇಷ್ಟುದ್ದ ಡಬ್ಬಿಗೆ ಎರಡು ಯಾಕ?” ಅಂದುಬಿಟ್ಟೆ. ಮೇಡಮ್ಮ ಒಂದು ಗಳಿಗೆ ತಡೆದಳು. ಫ್ಯಾನಿನ ದುಡ್ಡು ಉಳಿದರೆ, ಮೆಮೊರಿಯ ಕೊನೆಯ ಪಟ್ಟಿಗೆ ಬಿದ್ದಿದ್ದ ಕೊರತೆ ತುಂಬುತ್ತಿತ್ತು. ಆಸೆ ಅವಳಿಗೂ ಇತ್ತು. ಫ್ಯಾನ್ ಬಿಟ್ಟೆವು.

ಆಯುಧ ಪೂಜೆಯ ದಿನ ಯಂತ್ರಕ್ಕೆ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ನಿಂಬೆಹಣ್ಣು ಇಟ್ಟೆ. ಮಾರನೆಯ ದಿನ ಲೆಕ್ಕ ಶುರು. ದೀಪಾವಳಿಗೆ ಸುಮಾರು ಇಪ್ಪತ್ತು ದಿನ. ಕರೆಂಟು ಹೋದರೆ ಎಲ್ಲಿಯವರೆಗೆ ಆಗಿದೆ ಅಂತ ಬರೆದಿಟ್ಟುಕೊಂಡು, ಬಂದಮೇಲೆ ಅಲ್ಲಿಂದಲೇ ಮುಂದುವರಿಯುವ ಹಾಗೆ ಅವಳು ಮಾಡಿದ್ದಳು.

ನಾನು ಒಂದು ಗವಸು ಹೊಲಿದೆ. ಆಗ ಎಲ್ಲರ ಮನೆಯಲ್ಲೂ ಟಿ.ವಿ.ಗೆ, ಹೊಲಿಗೆ ಯಂತ್ರಕ್ಕೆ, ರೇಡಿಯೋಗೆ ಗವಸು ಇರುತ್ತಿತ್ತು. ಬೆತ್ತಲೆ ಯಂತ್ರ ಇಟ್ಟುಕೊಂಡರೆ ಮನೆ ಹೆಂಗಸು ಸೋಮಾರಿ ಅನ್ನುತ್ತಿದ್ದರು. ದಪ್ಪ ಹಸಿರು ಬಟ್ಟೆ, ಗುಂಡಿ ಒತ್ತಲು ಮುಂದೆ ತೆರಪು, ಅಂಚಿಗೆ ಕೆಂಪು ದಾರದಲ್ಲಿ ಬಳ್ಳಿ, ಒಳಗೆ ಹಳೆಯ ಪಂಚೆಯ ಅಸ್ತರಿ. ಅವಳು ನೋಡಿ ಚೆಂದ ಇದೆ ಅಂದಳು. ಕಂಪ್ಯೂಟರ್ ಬಂದ್ ಮಾಡಿದಾಗ ಹಾಕೋಣ ಅಂದಳು. ಆ ‘ಬಂದ್ ಮಾಡಿದಾಗ’ ಅನ್ನುವುದು ನನ್ನ ಕಿವಿಗೆ ಹೋಗಲಿಲ್ಲ.

ನನ್ನ ಭಟ್ಟಿ ಕೆಲಸ ಕೋಳಿ ಕೂಗುವ ಮುಂಚೆ ಶುರುವಾಗಿ ಹನ್ನೆರಡಕ್ಕೆ ಮುಗಿಯುತ್ತಿತ್ತು. ಮನೆಗೆ ಬಂದು ಉಂಡು, ಅವಳ ಕೋಣೆ ಗುಡಿಸುತ್ತಿದ್ದೆ. ಗುಡಿಸುವ ಮುಂಚೆ ಯಂತ್ರದ ಮೇಲೆ ಗವಸು. ಮಧ್ಯಾಹ್ನದ ಗಾಳಿಗೆ ಭಟ್ಟಿಗಳ ಬೂದಿ ಓಣಿಯೆಲ್ಲ ಹಾರುತ್ತಿತ್ತು, ಹಾಗಾಗಿ ಗಾಳಿ ಇಳಿಯುವ ತನಕ ಹಾಗೇ ಬಿಡುತ್ತಿದ್ದೆ. ಅವಳು ಬಂದ ಕೂಡಲೇ ಪರದೆ ನೋಡುವ ಚಟದವಳು, ಅದಕ್ಕೆ ನಾಲ್ಕು ಗಂಟೆಗೇ ಮಡಚಿ ಎತ್ತಿಡುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂತಲೇ ಇತ್ತು ನನಗೆ.

ಮೂರನೆಯ ದಿನ ಸಂಜೆ ಬಂದವಳು ಪರದೆ ನೋಡಿ ನಿಂತುಬಿಟ್ಟಳು. ಲೆಕ್ಕ ಮಧ್ಯಾಹ್ನ ಒಂದೂವರೆಗೆ ನಿಂತುಹೋಗಿತ್ತು. ಮತ್ತೆ ಶುರು ಮಾಡಿದಳು. ಮರುದಿನ ಮತ್ತೆ ಮಧ್ಯಾಹ್ನಕ್ಕೇ ನಿಂತಿತು. ತನ್ನ ಲೆಕ್ಕದಲ್ಲೇ ತಪ್ಪಿರಬೇಕು ಅಂತ ಹಾಳೆ ಹರಡಿಕೊಂಡು ಕೂತಳು. ಮೆಮೊರಿ ಪಟ್ಟಿ ಬಿಚ್ಚಿಕೊಂಡು ಅಂಗಡಿಗೆ ಹೋದಳು. ಅವನು ಬೇರೆ ಪಟ್ಟಿ ಕೊಟ್ಟ. ಆಗಲೂ ಅದೇ. ಕರೆಂಟಿನ ದೋಷ ಇರಬಹುದು ಅಂದ. ಹೀಗೆ ಆರು ದಿನ ಹೋಯಿತು. ಅವಳು ಊಟ ಅರ್ಧಕ್ಕೆ ಬಿಡುತ್ತಿದ್ದಳು. ನಾನು ಯಂತ್ರಕ್ಕೆ ದೃಷ್ಟಿ ತೆಗೆದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ತೆಗೆದೆ.

ಏಳನೆಯ ದಿನ ನಾಲ್ಕಕ್ಕೆ ಗವಸು ತೆಗೆಯುವಾಗ ಹಿಂಭಾಗ ಕೈಗೆ ಸುಡುವಂತೆ ತಾಗಿತು. ಮೂಗಿಗೆ ಹಿಡಿದೆ. ಬಿಸಿ ಧೂಳಿನ ವಾಸನೆ. ಅಸ್ತರಿಯ ಮೇಲೆ ರೊಟ್ಟಿ ಸೀದ ಬಣ್ಣದ ಒಂದು ಗುಂಡು ಗುರುತು. ಡಬ್ಬಿಯ ಹಿಂದೆ ಬಗ್ಗಿ ನೋಡಿದರೆ ಅಲ್ಲಿ ಫ್ಯಾನಿನ ಬಾಯಿ. ಇಪ್ಪತ್ತು ವರ್ಷ ಒಲೆ ಮುಂದೆ ಕೂತವಳು ನಾನು. ಒಲೆಯ ಬಾಯಿಗೆ ಬಟ್ಟೆ ತುರುಕಿದ್ದೆ.

ಅವಳು ಬಂದು ಚಪ್ಪಲಿ ಬಿಡುವ ಮುಂಚೆಯೇ ಹೇಳಿದೆ. “ನಿನ್ನ ಲೆಕ್ಕ ಸರಿ ಐತೆ. ಮೆಮೊರಿನೂ ಸರಿ ಐತೆ. ದಿನಾ ಮಧ್ಯಾಹ್ನ ಗವಸು ಹಾಕಿದ್ದು ನಾನು. ನೋಡು ಇಲ್ಲಿ.”

ಬಯ್ಯಲಿ ಅಂತ ಕಾದೆ. ಅವಳು ಗವಸು ಇಸಿದುಕೊಂಡು ಆ ಕಂದು ಗುರುತನ್ನೇ ನೋಡಿದಳು. “ಮುಂದಿನ ತೂತು ತೆರೆದೇ ಇತ್ತಾ?” ಅಂದಳು.

“ಮುಂದೆ ತೆರೆದಿತ್ತು. ಹಿಂದೆ ಮುಚ್ಚಿತ್ತು. ಬಿಸಿ ಹೊರಗೆ ಹೋಗಾಕಾಗ್ದೆ ಹೊಳ್ಳಿ ಅದರ ಮುಖಕ್ಕೇ...”

ಅಲ್ಲಿಗೆ ನನ್ನ ಮಾತು ನಿಂತಿತು. ಯಾಕೆಂದರೆ ನನಗೆ ನಮ್ಮ ಭಟ್ಟಿಯ ಗೋಣಿತಾಟು ನೆನಪಾಯಿತು.

ಒಲೆಯ ಹಿಂದಿನ ಗೋಡೆಯಲ್ಲಿ ಹೊಗೆಗೆ ಅಂತ ಅಗಲವಾದ ಕಿಂಡಿ ಇತ್ತಲ್ಲ, ಅದರಿಂದ ಗಾಳಿ ನುಗ್ಗಿ ಮಂಡಕ್ಕಿ ಹಾರಿಹೋಗುತ್ತದೆ ಅಂತ ನಾವು ಹೆಂಗಸರು ಹುರಿಯುವಾಗ ಅದಕ್ಕೆ ಗೋಣಿತಾಟು ಇಳಿಬಿಡುತ್ತಿದ್ದೆವು. ಕೆಲಸ ಮುಗಿದ ಮೇಲೆ ಅದನ್ನೇ ತೆಗೆದು ಮಂಡಕ್ಕಿ ರಾಶಿಗೆ ಮುಚ್ಚುತ್ತಿದ್ದೆವು. ಇವಳು ಅಳೆಯಲು ಬಂದದ್ದು ಮಧ್ಯಾಹ್ನ, ಕಿಂಡಿ ತೆರೆದಿದ್ದಾಗ. ತಾಟಿನ ಮಾತನ್ನು ಯಾರೂ ಹೇಳಲಿಲ್ಲ. ಗೋಣಿ ಒಲೆಯ ಭಾಗ ಅಂತ ಯಾರಿಗೆ ಅನಿಸುತ್ತದೆ?

ಹೇಳಿದೆ. ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಆಮೇಲೆ ಜೋರಾಗಿ ನಕ್ಕಳು. “ಅಮ್ಮಾ, ಲೆಕ್ಕ ನಿಲ್ಲದೆ ಓಡಿದ್ರೆ ಏನಾಗ್ತಿತ್ತು ಗೊತ್ತಾ? ಹೊಗಿ ಎಲ್ಲ ಕಿಂಡ್ಯಾಗಿಂದ ಸಲೀಸಾಗಿ ಹೋಗ್ತೈತೆ, ಕಟ್ಟಿಸಾದು ಏನೂ ಬ್ಯಾಡ ಅಂತ ಉತ್ತರ ಬರ್ತಿತ್ತು!”

ಮಾರನೆಯ ದಿನ ಭಾನುವಾರ. ಕಂಪ್ಯೂಟರಿನ ಡಬ್ಬಿಯನ್ನು ನನ್ನ ಸೀರೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಹರಿಹರಕ್ಕೆ ಹೋದೆವು. ಅಲ್ಲಿ ಅವಳ ಅಣ್ಣನ ಲೇತ್ ಅಂಗಡಿ. ಗವಸು ಹಾಕದಿದ್ದರೂ ಒಂದೇ ಫ್ಯಾನಿಗೆ ಎಂಟು ದಿನದ ಕೆಲಸ ಭಾರ ಅಂತ ಅವಳಿಗೆ ಈಗ ಮನದಟ್ಟಾಗಿತ್ತು.

ಅಣ್ಣ ಡಬ್ಬಿಯನ್ನು ತಿರುಗಿಸಿ ನೋಡಿ, “ಲಗ್ನಕ್ಕೆ ಅಂತ ಕೂಡಿಟ್ಟಿದ್ದನ್ನ ಈ ತಗಡಿಗೆ ಹಾಕಿದೆಯಲ್ಲೇ ಮಾರಾಯ್ತಿ,” ಅಂದ.

“ಈ ತಗಡು ವರದಕ್ಷಿಣೆ ಕೇಳಂಗಿಲ್ಲಣ್ಣ. ತೂತು ಹೊಡಿ.”

ಅವನು ಗೊಣಗುತ್ತಲೇ ದುಂಡಗೆ ಕೊರೆದು, ಯಾವುದೋ ಹಳೆಯ ಯಂತ್ರದಿಂದ ಬಿಚ್ಚಿದ ಅಂಗೈಯಗಲದ ಫ್ಯಾನು ಕೂಡಿಸಿ, ಅಂಚು ಕೈಗೆ ತರಚದಂತೆ ಅರ ಹಾಕಿ ನುಣ್ಣಗೆ ಮಾಡಿಕೊಟ್ಟ. ಅತ್ತಿಗೆ ಊಟಕ್ಕಿಟ್ಟಳು. ಸಂಜೆಯ ಬಸ್ಸಿಗೆ ವಾಪಸು.

ಆ ವೇಳೆಗೆ ಉಳಿದದ್ದು ಹತ್ತು ದಿನ. ಕಾದ ಯಂತ್ರ ಮಾಡಿದ ಲೆಕ್ಕವನ್ನು ನಂಬುವಂತಿರಲಿಲ್ಲ. ತಾಟು ಇಳಿಬಿಟ್ಟ ಭಟ್ಟಿಯದು ಒಂದು ಲೆಕ್ಕ, ಹೊಸದಾಗಿ ಕಟ್ಟುವುದರದು ಇನ್ನೊಂದು. ಎರಡಕ್ಕೂ ಸೇರಿ ಹದಿನಾರು ದಿನ ಬೇಕಿತ್ತು. ಅವಳು ಹಾಳೆಯ ಮೇಲೆ ಚೌಕದ ಬಲೆ ಬಿಡಿಸಿಕೊಂಡು ಹಣೆ ತಿಕ್ಕುತ್ತಿದ್ದಳು.

“ಈ ಮೂಲ್ಯಾಗೆ ಯಾಕೆ ಇಷ್ಟು ಸಣ್ಣ ಚೌಕ? ಅಲ್ಲಿ ಹೊಟ್ಟಿನ ಚೀಲ ಇಡ್ತೀವಿ. ಅದಕ್ಕೇನು ಕೆಮ್ಮು ಬರ್ತೈತಾ?” ಅಂದೆ. “ನಾವು ಕೂರೋ ಕಡೆ ಸಣ್ಣದು ಮಾಡು, ಬೆಂಕಿ ಕಡೆ ಮಾಡು. ಉಳಿದಿದ್ದು ದೊಡ್ಡದು ಇರ್ಲಿ ಬಿಡು.”

ಅವಳು ನನ್ನ ಮುಖ ನೋಡಿದಳು. ಇದನ್ನು ತನಗೆ ಓದಿಸಿದ್ದರು, ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ ಅಂದಳು. ಹಾಗೇ ಮಾಡಿದಳು. ಒಂಬತ್ತು ದಿನಕ್ಕೆ ಎರಡೂ ಮುಗಿದವು. ಆ ಒಂಬತ್ತು ದಿನವೂ ನಾನು ಕೋಣೆ ಗುಡಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ದಿನಕ್ಕೆರಡು ಸಲ ಡಬ್ಬಿಯ ಬೆನ್ನಿಗೆ ಅಂಗೈ ಹಿಡಿದು ನೋಡುತ್ತಿದ್ದೆ. ಬಿಸಿ ಗಾಳಿ ಹೊರಗೆ ಬರುತ್ತಿತ್ತು. ಬರಲಿ.

ಪರದೆಯಲ್ಲಿ ಬಣ್ಣ ಇರಲಿಲ್ಲವಲ್ಲ, ಅಂಕಿಗಳಷ್ಟೇ ಬಂದವು. ಅವಳು ಗ್ರಾಫ್ ಹಾಳೆ ತಂದಳು. ಅವಳು ಅಂಕಿ ಓದುವುದು, ನಾನು ಸ್ಕೆಚ್ ಪೆನ್ನಿನಲ್ಲಿ ಚೌಕ ತುಂಬುವುದು. ಹೊಗೆ ಇಲ್ಲದಲ್ಲಿ ಬಿಳಿ, ಸ್ವಲ್ಪ ಇದ್ದಲ್ಲಿ ಹಳದಿ, ಹೆಚ್ಚಾದಲ್ಲಿ ಕಂದು, ತೀರಾ ಹೆಚ್ಚಾದಲ್ಲಿ ಕಪ್ಪು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬಣ್ಣ ಮುಟ್ಟಿದ್ದು ಅದೇ ಮೊದಲು. ಹಳೆಯ ಭಟ್ಟಿಯ ಹಾಳೆಯಲ್ಲಿ ಕಪ್ಪು, ಕಪ್ಪು, ಕಪ್ಪು ಅಂತ ಓದುತ್ತಾ ಬಂದವಳು ಒಂದು ಕಡೆ ದನಿ ಇಳಿಸಿದಳು. ಬಾಣಲೆಯ ಎಡಕ್ಕೆ ಎರಡನೆಯ ಜಾಗ. ಅಲ್ಲಿ ಕೂರುವವಳು ನಾನು. ಅದನ್ನೂ ತುಂಬಿದೆ. ಪೆನ್ನು ಅಲ್ಲಿಗೇ ತೀರಿತು, ಓಣಿಯ ತುದಿಯ ಅಂಗಡಿಯಿಂದ ಇನ್ನೊಂದು ತರಬೇಕಾಯಿತು.

ಹೊಸದರ ಹಾಳೆಯಲ್ಲಿ ಅದೇ ಜಾಗ ಹಳದಿ.

ಸಾಹುಕಾರ ಎರಡೂ ಹಾಳೆ ನೋಡಿ, “ಕೌದಿ ಹೊಲಿದೀರೇನ್ರಿ?” ಅಂದ. ಆಮೇಲೆ ತಾನೇ ಬೆರಳಿಟ್ಟು ಒಲೆ ಎಲ್ಲಿ, ಕಿಂಡಿ ಎಲ್ಲಿ ಅಂತ ಹುಡುಕಿದ. ಕಪ್ಪಿನ ಹತ್ತಿರ ಬೆರಳು ನಿಂತಿತು. “ಇಲ್ಲಿ ಹಿಂದೆ ನಮ್ಮವ್ವ ಕೂರ್ತಿದ್ಲು,” ಅಂದ. ಮತ್ತೆ ತಮಾಷೆ ಮಾಡಲಿಲ್ಲ. ಗೌಂಡಿಯನ್ನು ಕರೆದ.

ಕಿಂಡಿಯ ಕೆಳಭಾಗಕ್ಕೆ ಇಟ್ಟಿಗೆ ಕಟ್ಟಿದರು, ಮಂಡಕ್ಕಿ ಹಾರದ ಹಾಗೆ. ತಾಟಿನ ಕೆಲಸವೇ ಉಳಿಯಲಿಲ್ಲ. ಮೇಲೆ ಒಲೆಯ ನೆತ್ತಿಗೆ ತಗಡಿನ ಮುಚ್ಚಳ, ಅದರಿಂದ ಸೂರು ದಾಟಿ ಹೋಗುವ ಕೊಳವೆ. ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದು ಯಂತ್ರ ಹೇಳಿದ್ದು. ಕೊಳವೆಯನ್ನು ಹರಿಹರದ ಅಣ್ಣನೇ ಬಾಗಿಸಿ ತಂದ.

ಹಬ್ಬ ಮುಗಿದು ಮೊದಲ ದಿನ ಒಲೆ ಹಚ್ಚಿದಾಗ ಹಸಿ ಮಣ್ಣಿಗೆ ಹಿಂದೆಂದೂ ಕಾಣದಷ್ಟು ಹೊಗೆ ಎದ್ದಿತು. “ನಿನ್ನ ಮೇಡಮ್ಮನ ಕಟ್ಕಂಡು...” ಅಂತ ಎಲ್ಲರೂ ನನ್ನನ್ನೇ ಬೈದರು. ಅವಳು ಕಾಲೇಜಿಗೆ ಹೋಗದೆ ಸೆರಗು ಮೂಗಿಗೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಮಣ್ಣು ಕಾಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಕೊಳವೆ ಎಳೆಯತೊಡಗಿತು. ಹೊಗೆ ತಲೆ ಬಾಗಿಸಿದ ದನದ ಹಾಗೆ ಮುಚ್ಚಳದೊಳಗೆ ನುಗ್ಗಿ ಮೇಲೆ ಹೋಯಿತು. ಬಾಣಲೆಯ ಆಚೆ ಕೂತವಳ ಮುಖ ನನಗೆ ಕಂಡಿತು. ಅಷ್ಟು ವರ್ಷ ಎದುರು ಬದುರು ಕೂತಿದ್ದೆವು, ಹುರಿಯುವಾಗ ಅವಳ ಮುಖ ಕಂಡಿರಲಿಲ್ಲ.

ಎರಡು ವರ್ಷದಲ್ಲಿ ಆ ಸಾಲಿನ ಇನ್ನೂ ನಾಲ್ಕು ಭಟ್ಟಿಗಳಿಗೆ ಅಂಥದೇ ಕೊಳವೆ ಬಂತು. ನನ್ನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಮೆಟ್ಟಿಲು ಈಗಲೂ ಹತ್ತುತ್ತೇನೆ. ಮೇಡಮ್ಮನಿಗೆ ಧಾರವಾಡದ ಕಡೆ ಕೆಲಸ ಸಿಕ್ಕಿತು, ಹೋದಳು. ಡಬ್ಬಿಯನ್ನೂ ಒಯ್ದಳು, ಗವಸು ಬಿಟ್ಟುಹೋದಳು. “ನೀವೇ ಇಟ್ಗಳ್ರಿ, ನನಗೆ ನೋಡಿದ್ರೆ ನಗು ಬರ್ತೈತೆ,” ಅಂದಳು. ಆಮೇಲೆ ದೀಪಾವಳಿಗೊಮ್ಮೆ ಫೋನು ಬರುತ್ತಿತ್ತು. “ಕೊಳವೆ ಎಳಿತೈತೇನಮ್ಮಾ?” ಅಂತ ಮೊದಲ ಮಾತು. ಉಳಿದದ್ದೆಲ್ಲ ಆಮೇಲೆ. ಹೋದ ದೀಪಾವಳಿಗೂ ಫೋನು ಬಂತು. ಆ ಕಡೆ ಇದ್ದವನು ಹರಿಹರದ ಅವಳ ಅಣ್ಣ. ಆಷಾಢದಲ್ಲೇ ಹೋದಳಂತೆ, ಎರಡು ದಿನದ ಜ್ವರ... ಅವಳ ಪುಸ್ತಕದಲ್ಲಿ ನನ್ನ ನಂಬರು ಇತ್ತಂತೆ. ನಾನು ಅಳಲಿಲ್ಲ. ಅವತ್ತು ಅಡುಗೆಗೆ ಉಪ್ಪು ಹಾಕುವುದು ಮರೆತೆ, ಅಷ್ಟೇ.

ನಾವು ಈಗ ಎಂ.ಸಿ.ಸಿ. ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದೇವೆ. ಮೊನ್ನೆ ಮೊಮ್ಮಗಳಿಗೆ ಟ್ರಂಕಿನಿಂದ ಗವಸು ತೆಗೆದು ಕಂದು ಗುರುತು ತೋರಿಸಿದೆ. ಕಥೆ ಕೇಳಿ ಅವಳು ಸ್ಕೂಟಿ ತೆಗೆದಳು, ನನ್ನನ್ನು ಹಿಂದೆ ಕೂರಿಸಿಕೊಂಡು ಹಳೆಯ ಓಣಿಗೆ ಹೋದಳು. ಭಟ್ಟಿ ಇದೆ. ತಗಡು ಬದಲಾಗಿದೆ, ಕೊಳವೆ ಅದೇ ಅಳತೆಯದು. ನಾನಿದ್ದ ಜಾಗದಲ್ಲಿ ಒಬ್ಬ ಹುಡುಗಿ ಕೂತು ಹುರಿಯುತ್ತಿದ್ದಳು. ಈ ಕೊಳವೆ ಯಾರು ಮಾಡಿದ್ದು ಗೊತ್ತಾ ಅಂತ ಮೊಮ್ಮಗಳು ಕೇಳಿದಳು.

“ಗೊತ್ತಿಲ್ರಿ. ಮೊದ್ಲಿಂದಾನೂ ಐತೆ,” ಅಂದಳು ಹುಡುಗಿ, ಜರಡಿ ಆಡಿಸುತ್ತಾ.

ಹೇಳಿಕೊಡಲು ಮೊಮ್ಮಗಳು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ. ಆ ಹುಡುಗಿ ಕೆಲಸದ ಮಧ್ಯೆ ಯಾವುದೋ ಹಾಡು ಗುನುಗುತ್ತಿದ್ದಳು. ನಮ್ಮ ಕಾಲದಲ್ಲಿ ಆ ಜಾಗದಲ್ಲಿ ಕೂತು ಯಾರಿಗೂ ಹಾಡಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಕೇಳಿದೆ. ಎರಡು ಸೇರು ಮಂಡಕ್ಕಿ ಕಟ್ಟಿಸಿಕೊಂಡು ಬಂದೆ.